ಎರಡು ಹೋಳು ಚಿಪ್ಪು

ಜನವರಿ 9

ಪ್ರೀತಿಯ ಅಕ್ಕನಿಗೆ,

ಕಟಕಟೆಯಲ್ಲಿ ನಿಂತು, ಬಲಗೈ ಮೇಲೆತ್ತಿ, ಎಡಗೈಯಿಂದ ಮೂಗಿನ ಧೂಳು ಒರೆಸಿಕೊಳ್ಳುತ್ತಾ ತಪ್ಪೊಪ್ಪಿಗೆ ಸಲ್ಲಿಸುತ್ತಿದ್ದೇನೆ. ಮೂವತ್ತೆರಡು ವರ್ಷಗಳ ಹಿಂದೆ ನೀನು ಜ್ವರ ಬಂದು ಮಲಗಿದ್ದಾಗ, ಅಪ್ಪ ನಿನಗೆಂದು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದ ಮೊಟ್ಟೆಯನ್ನು ಕದ್ದು, ಸ್ನಾನದ ನೀರಿನಲ್ಲಿ ಬೇಯಿಸಿ, ಹಿತ್ತಲಲ್ಲಿ ಕೂತು ತಿಂದವನು ನಾನು. ಅದು ನನ್ನ ಜೀವನದ ಮೊಟ್ಟಮೊದಲ ಅಪರಾಧ. ‘ಮೊಟ್ಟೆಮೊದಲ’ ಎಂದು ಓದಿಕೊಂಡರೂ ನನ್ನ ಅಭ್ಯಂತರವಿಲ್ಲ. ಕಳ್ಳತನದ ಆರೋಪ ಹೊತ್ತ ನಮ್ಮ ಬೆಕ್ಕು ನಿರಪರಾಧಿ. ಅಪ್ಪ ಅದನ್ನು ಚೀಲದಲ್ಲಿ ಹಾಕಿ ಹಿಟ್ಟಿನ ಗಿರಣಿಯ ಹತ್ತಿರ ಬಿಟ್ಟುಬಂದರಲ್ಲ, ಆ ಚೀಲದಲ್ಲಿ ನ್ಯಾಯವಾಗಿ ನಾನಿರಬೇಕಿತ್ತು. ಮೂರನೇ ದಿನ ಅದು ಮೈಯೆಲ್ಲ ಹಿಟ್ಟು ಮಾಡಿಕೊಂಡು ತಾನೇ ವಾಪಸು ಬಂದು, ಹೊಸ್ತಿಲ ಮೇಲೆ ಕೂತು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗ ಯಾಕೆ ಬಿಟ್ಟೆ ಅಂತೀಯಾ? ವಿಧಿ ನನಗೆ ಕೊಟ್ಟಿರುವ ಹೊಸ ಉದ್ಯೋಗ ಹಾಗಿದೆ. ಸಾವಿರಾರು ವರ್ಷಗಳ ಹಿಂದೆ ಯಾರು ಯಾವ ಮೊಟ್ಟೆ ತಿಂದರು ಎಂದು ಪತ್ತೆ ಹಚ್ಚಬೇಕು. ಕಳ್ಳನನ್ನೇ ಹಿಡಿದು ಪೊಲೀಸ್ ಮಾಡಿದ್ದಾರೆ.

ಇಲ್ಲಿ ನೆಲದಡಿ ಒಂದು ಹಳೇ ಊರು ಸಿಕ್ಕಿದೆ. ಒಲೆಗಳು, ಕಸದ ಗುಂಡಿಗಳು, ಗೋಡೆಯ ಬುಡಗಳು. ಆ ಮಣ್ಣನ್ನು ನೀರಿನಲ್ಲಿ ಕದಡಿ, ಜರಡಿ ಹಿಡಿದು, ಚಿಮಟದಿಂದ ಉಗುರಿನಷ್ಟು ಚಿಪ್ಪಿನ ಚೂರುಗಳನ್ನು ಹೆಕ್ಕುವುದು ನನ್ನ ಕೆಲಸ. ಬೇರೆಯವರಿಗೆ ಕೊನೆಗೆ ಕೈಗೆ ಚಿಪ್ಪು ಸಿಕ್ಕಿತು ಅಂದರೆ ಗೋಳು. ನನಗೆ ಆವತ್ತೇ ಸಂಭ್ರಮ. ದಪ್ಪ ಅಳೆದರೆ ಅದು ಕೋಳಿಯದೋ ಬಾತುಕೋಳಿಯದೋ ಎಂಬ ಅಂದಾಜು ಸಿಗುತ್ತದೆ. ಕಪ್ಪಾಗಿದ್ದರೆ ಬೆಂಕಿಗೆ ಬಿದ್ದದ್ದು. ಆದರೆ ನಿಜವಾದ ಗುಟ್ಟು ಇರುವುದು ಒಳಮೈಯಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಸಾಲುಸಾಲು ಮೊಗ್ಗುಗಳು. ಮೊಟ್ಟೆಯನ್ನು ತಾಜಾ ಇರುವಾಗಲೇ ಒಡೆದಿದ್ದರೆ ಮೊಗ್ಗುಗಳು ದುಂಡಗೆ, ಇಡಿಯಾಗಿ ಇರುತ್ತವೆ. ಕಾವು ಕೂತು ಒಳಗೆ ಮರಿ ಬೆಳೆದಿದ್ದರೆ, ಅದು ತನ್ನ ಮೂಳೆಗೆ ಬೇಕಾದ ಸುಣ್ಣವನ್ನು ಚಿಪ್ಪಿನಿಂದಲೇ ಎಳೆದುಕೊಂಡಿರುತ್ತದೆ. ಮೊಗ್ಗುಗಳ ತಲೆ ಕರಗಿ ಗುಳಿ ಬಿದ್ದಿರುತ್ತದೆ. ಹಾಗಾಗಿ ತಿಂದ ಮೊಟ್ಟೆ ಯಾವುದು, ಮರಿಯಾದ ಮೊಟ್ಟೆ ಯಾವುದು ಎಂದು ಚೂರು ನೋಡಿದರೆ ಸಾಕು, ಹೇಳಿಬಿಡುತ್ತೇನೆ. ಜಂಬ ಅಂದರೂ ಸರಿ ಅಕ್ಕಾ, ಇನ್ನು ನನ್ನ ಕಣ್ಣು ತಪ್ಪಿಸಿ ಈ ಭೂಮಿಯ ಮೇಲೆ ಯಾರೂ ಉಪವಾಸ ಇರುವ ಹಾಗಿಲ್ಲ.

ಈಗ ನಿನಗೆ ಕೆಲಸ. ಹಳೇ ಚೂರುಗಳ ಪಕ್ಕ ಇಟ್ಟು ಹೋಲಿಸಲು ನನಗೆ ಇವತ್ತಿನ ಚಿಪ್ಪು ಬೇಕು: ಗೊತ್ತಿರುವ ಕೋಳಿ, ಗೊತ್ತಿರುವ ಒಲೆ, ಗೊತ್ತಿರುವ ಹೊಟ್ಟೆ. ನೀನು ಮೊಟ್ಟೆ ತಿಂದಾಗಲೆಲ್ಲ ಚಿಪ್ಪನ್ನು ತೊಳೆದು ಒಣಗಿಸಿ, ಒಂದೊಂದನ್ನೂ ಬೇರೆ ಪೊಟ್ಟಣ ಕಟ್ಟಿ, ಮೇಲೆ ತಾರೀಖು, ಬೇಯಿಸಿದ್ದೋ ಹುರಿದದ್ದೋ ಅಂತ ಬರೆದು ಕಳಿಸು. ಇಲ್ಲಿ ಫೋನು ಗುಡ್ಡ ಹತ್ತಿದರೆ ಮಾತ್ರ ಉಸಿರಾಡುತ್ತದೆ, ನಿನ್ನ ಕಿವಿಯೋ ಫೋನಿನ ಜತೆ ಮಾತು ಬಿಟ್ಟಿದೆ. ಅಂಚೆಯ ವ್ಯಾನು ವಾರಕ್ಕೊಮ್ಮೆ ಬರುತ್ತದೆ. ಬರೆ.

ನಿನ್ನ ತಮ್ಮ

---

ಜನವರಿ 21

ಬೆಕ್ಕೇ,

ಇನ್ನು ಮೇಲೆ ನಿನ್ನನ್ನ ಹೀಗೇ ಕರೆಯೋದು.

ಜ್ವರ ಬಿಟ್ಟ ಮೇಲೆ ಆ ವಾರದ ಬಟ್ಟೆ ಒಗೆದವಳು ಯಾರು ಅಂದುಕೊಂಡೆ? ನಿನ್ನ ಚಡ್ಡಿ ಜೇಬಿನ ಹೊಲಿಗೆ ಸಂದಿಯಲ್ಲಿ ಎರಡು ಚೂರು ಚಿಪ್ಪು. ಈ ಕಸುಬು ನಿನಗಿಂತ ಮುಂಚೆ ನಾನು ಮಾಡಿದ್ದೀನಿ, ನನಗ್ಯಾರೂ ಸೂಕ್ಷ್ಮದರ್ಶಕ ಕೊಡಲಿಲ್ಲ ಅಷ್ಟೆ. ಅಪ್ಪನಿಗೆ ಯಾಕೆ ಹೇಳಲಿಲ್ಲ ಅಂದರೆ, ಚೀಲದಲ್ಲಿ ನಿನ್ನ ಹಾಕಿದ್ದರೆ ಏನು ಗತಿ? ಬೆಕ್ಕಿಗೆ ಬುದ್ಧಿ ಇತ್ತು, ವಾಪಸು ಬಂತು. ನಿನಗೆ ದಾರಿ ಗೊತ್ತಾಗ್ತಿರಲಿಲ್ಲ.

ನಿನ್ನ ಮೊಗ್ಗು, ಗುಳಿ ಎಲ್ಲ ಎರಡು ಸಲ ಓದಿದೆ. ನನಗೆ ಅರ್ಥ ಆಗಿದ್ದು ಹೀಗೆ: ಕೋಟಿನ ಅಸ್ತರು ಬಿಚ್ಚಿ ಮಗುಗೆ ಅಂಗಿ ಹೊಲಿದ ಹಾಗೆ. ಹೊರಗಿಂದ ಕೋಟು ಹಂಗೇ ಕಾಣುತ್ತೆ, ಒಳಗೆ ಕೈ ಹಾಕಿದರೆ ತಾನೆ ಗೊತ್ತಾಗೋದು. ಸರಿಯಾ? ಸರಿ ಇದ್ದರೆ ನಿಮ್ಮ ದೊಡ್ಡವರಿಗೆ ಹೇಳು, ದರ್ಜಿಯೊಬ್ಬಳು ಹೇಳಿದಳು ಅಂತ.

ಕೋಳಿ ವಿಷಯ. ಕರಿಕೋಳಿಗೆ ವಯಸ್ಸಾಯ್ತು, ಇಡೋದು ನಿಲ್ಲಿಸಿ ಪಿಂಚಣಿ ತಗೊಳ್ತಾ ಇದೆ. ಈಗ ಮನೆ ನಡೆಸೋದು ಚುಕ್ಕೆಕೋಳಿ ಒಂದೇ. ಪಕ್ಕದ ಮನೆ ಟೀಚರ ಹುಂಜ ದಿನಾ ಗೋಡೆ ಹಾರಿ ಬರುತ್ತೆ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದೆ, ಇದಕ್ಕೆ ಆಗಲಿಲ್ಲ ಅಂತಾರೆ ಟೀಚರು.

ಐದು ಪೊಟ್ಟಣ ಕಳಿಸಿದ್ದೀನಿ. ಮೂರು ಬೇಯಿಸಿದ್ದು, ಎರಡು ಹುರಿದದ್ದು. ಸ್ಕೂಲ್ ಯೂನಿಫಾರ್ಮು ಎಪ್ಪತ್ತು ಜತೆ ಹೊಲೀಬೇಕು, ಗಂಟಲು ಸ್ವಲ್ಪ ಕಟ್ಟಿದೆ, ಹತ್ತಿಯ ಧೂಳಿಗೆ ಇರಬೇಕು. ನೀನು ಹೊತ್ತಿಗೆ ಸರಿಯಾಗಿ ತಿನ್ನು. ಸತ್ತವರ ಊಟ ವಿಚಾರಿಸಿಕೊಂಡು ಕೂತು ನಿನ್ನ ಊಟ ಮರೀಬೇಡ.

ಅಕ್ಕ

---

ಫೆಬ್ರವರಿ 16

ಪರಮಪೂಜ್ಯ ಪತ್ತೇದಾರಿಣಿಗೆ,

ನಿನ್ನ ಅಸ್ತರಿನ ಮಾತನ್ನು ಊಟದ ಮೇಜಿನಲ್ಲಿ ಹೇಳಿದೆ. ನಮ್ಮ ಮೂಳೆ ಮೇಡಂ (ಇಲ್ಲಿನ ಎಲುಬುಗಳೆಲ್ಲ ಅವರ ಸುಪರ್ದಿ) ಚಮಚ ಕೆಳಗಿಟ್ಟು, “ನಿಮ್ಮಕ್ಕನ್ನ ಇಲ್ಲಿಗೆ ಕರೆಸಿ, ನೀವು ಹೋಗಿ ಯೂನಿಫಾರ್ಮು ಹೊಲೀರಿ” ಅಂದರು.

ಪೊಟ್ಟಣ ಬಂದವು. ಅಂಚು ಮಡಚಿ, ದಾರ ಸುತ್ತಿ, ಗುಂಡಿ ಹೊಲಿದ ಹಾಗೆ ಗಂಟು ಹಾಕಿದ್ದೀಯ. ಡ್ರಾಯರಿನಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ, ಯೂನಿಫಾರ್ಮು ತೊಟ್ಟ ಮಕ್ಕಳ ಹಾಗಿವೆ.

ಈಗ ದೊಡ್ಡ ಸುದ್ದಿ. ಒಂದು ಮನೆಯ ಒಳಕೋಣೆಯಲ್ಲಿ, ಗೋಡೆಗೆ ಒತ್ತಿ ಮಣ್ಣಿನ ಮಲಗುವ ಕಟ್ಟೆ ಸಿಕ್ಕಿತು. ಕಟ್ಟೆಯ ತಲೆದೆಸೆಯಲ್ಲಿ, ನೆಲದ ಮೇಲೆ, ಒಂದು ಕಡೆ ಗುಡ್ಡೆಯಾಗಿ ಚಿಪ್ಪಿನ ಚೂರುಗಳು. ಎಣಿಸಿ, ಜೋಡಿಸಿ ನೋಡಿದರೆ ಏಳು ಮೊಟ್ಟೆ. ಎಲ್ಲದರ ಮೊಗ್ಗು ದುಂಡಗಿದೆ, ಒಂದೂ ಮರಿಯಾದದ್ದಲ್ಲ. ಆ ಕೋಣೆಯಲ್ಲಿ ಮಾಂಸದ ಮೂಳೆಯಿಲ್ಲ, ಕಾಳಿಲ್ಲ. ಆ ಊರಿನವರು ಸತ್ತವರನ್ನು ಮನೆಯೊಳಗೇ ಹೂಳುತ್ತಿದ್ದರು; ಈ ಕಟ್ಟೆಯ ಅಡಿಯಲ್ಲಿ ಹೂತಿದ್ದ ವ್ಯಕ್ತಿ ಹೆಂಗಸು, ತುಂಬಾ ವಯಸ್ಸಾದವಳು, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ ಅಂತ ಮೂಳೆ ಮೇಡಂ ಹೇಳಿದ್ದಾರೆ. ಚಿತ್ರ ಕಣ್ಣೆದುರು ಬರುತ್ತಿಲ್ಲವೇ? ಅಗಿಯಲಾರದ ಅಜ್ಜಿಗೆ ಮನೆಯವರು ಮೆತ್ತಗೆ ಬೇಯಿಸಿದ ಮೊಟ್ಟೆಯನ್ನು ಒಂದೊಂದಾಗಿ ತಿನ್ನಿಸುತ್ತಿದ್ದರು. ಮೊಟ್ಟೆಯಿಂದ ಹೊಟ್ಟೆಯ ತನಕ ಇಡೀ ಕಥೆ ನನ್ನ ಅಂಗೈಯಲ್ಲಿ. ಗಣಿತದಲ್ಲಿ ಮೊಟ್ಟೆ ತಂದವನು ಎಂದು ಅಪ್ಪ ಬೈಯುತ್ತಿದ್ದರಲ್ಲ, ಈಗ ಮೊಟ್ಟೆಯಲ್ಲೇ ನನಗೆ ನೂರಕ್ಕೆ ನೂರು.

ದೊಡ್ಡವರು ಇದರ ಮೇಲೆ ಉಪನ್ಯಾಸ ಕೊಡಿಸುವ ಮಾತಾಡುತ್ತಿದ್ದಾರೆ. ಇನ್ನಷ್ಟು ಪೊಟ್ಟಣ ಕಳಿಸು. ಕೆಲಸ ಏಪ್ರಿಲ್ ಕೊನೆಗೆ ಮುಗಿಯುತ್ತದೆ.

ತಮ್ಮ

---

ಮಾರ್ಚ್ 5

ಬೆಕ್ಕೇ,

ಅಜ್ಜಿ ಕಥೆ ಓದಿದೆ. ಟೀಚರಿಗೂ ಓದಿ ಹೇಳೋಣ ಅಂತಿದ್ದೆ, ಸ್ವರ ಸಾಲದೆ ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ, ನನಗೊಂದು ಅನುಮಾನ ಬಂತು.

ಮೊಟ್ಟೆ ಒಡೆದದ್ದು ಚಿಪ್ಪು ಹೇಳುತ್ತೆ ಸರಿ. ಹೊಟ್ಟೆಗೆ ಹೋದದ್ದು ಹೇಗೆ ಹೇಳುತ್ತೆ? ಆ ಮನೆಯವರು ಬೇಯಿಸಿ ತಂದು ತಲೆ ಹತ್ರ ಕೂತು ಬಾಯಿಗಿಟ್ಟಿರಬಹುದು. ಅವಳಿಗೆ ಇಳೀದೇ ಹೋಗಿರಬಹುದು. ಮನೆಯವರು ಬೇಜಾರು ಮಾಡ್ಕೋಬಾರದು ಅಂತ ಅವರು ಆಚೆ ಹೋದ ಮೇಲೆ ಮೊಮ್ಮಗುನ ಕರೆದು ತಿನ್ನು ಅಂದಿರಬಹುದು. ಬೆಕ್ಕಿಗೇ ಹಾಕಿರಬಹುದು. ಚಿಪ್ಪು ಮಾತ್ರ ಅವಳ ಪಕ್ಕದಲ್ಲೇ ಉಳಿಯುತ್ತೆ. ಇದನ್ನ ನಿಮ್ಮ ಸೂಕ್ಷ್ಮದರ್ಶಕದಲ್ಲಿ ಎಲ್ಲಿ ನೋಡ್ತೀರಿ?

ಹದಿನಾಲ್ಕು ಪೊಟ್ಟಣ ಇದರ ಜತೆ ಇದೆ. ನನ್ನ ಬಟ್ಟೆಗಳಿಗೆಲ್ಲ ಎರಡನೇ ಸಲ ಒಳಹೊಲಿಗೆ ಹಾಕಿದೆ. ಊರಿನ ಅಳತೆಯೆಲ್ಲ ತಗೊಂಡ ಟೇಪು ಈಗ ನನ್ನ ಸೊಂಟಕ್ಕೆ ಬಂದಿದೆ. ಟೀಚರು “ಏನಮ್ಮಾ, ಮದುವೆ ಹುಡುಗಿ ಥರ ಆಗ್ತಾ ಇದ್ದೀಯ” ಅಂದರು.

ಏಪ್ರಿಲ್ ಕೊನೆಗೆ ಮುಗಿಯುತ್ತೆ ಅಂದೆಯಲ್ಲ, ಮುಗಿದ ತಕ್ಷಣ ಒಂದು ಸಲ ಬಂದು ಹೋಗು. ಸುಮ್ಮನೆ. ನಿನ್ನ ಅಳತೆ ತಗೋಬೇಕು.

ಅಕ್ಕ

---

ಮಾರ್ಚ್ 24

ಮದುವೆ ಹುಡುಗಿಗೆ,

ಐವತ್ತನಾಲ್ಕಕ್ಕೆ ಸೊಂಟ ಸಣ್ಣ ಮಾಡಿಕೊಂಡಿದ್ದೀಯ ಅಂದರೆ ವರ ಯಾರು? ಟೀಚರ ಹುಂಜನಂತೂ ಅಲ್ಲ ತಾನೆ? ಇಲ್ಲಿ ನನ್ನ ಪ್ಯಾಂಟಿನ ಗುಂಡಿ ದಿನಾ ರಾಜೀನಾಮೆ ಕೊಡುತ್ತಿದೆ. ನಮ್ಮಿಬ್ಬರ ತೂಕ ಕೂಡಿಸಿ ಎರಡರಿಂದ ಭಾಗಿಸಿದರೆ ಮನೆತನದ ಸರಾಸರಿ ಹಾಗೇ ಇದೆ, ಚಿಂತೆಯಿಲ್ಲ.

ನಿನ್ನ ಅನುಮಾನಕ್ಕೆ ಉತ್ತರ: ವಿಜ್ಞಾನ ಮೊಮ್ಮಕ್ಕಳನ್ನೂ ಬೆಕ್ಕುಗಳನ್ನೂ ಲೆಕ್ಕಕ್ಕೆ ತಗೊಂಡು ಕೂತರೆ ಒಂದು ಪುಟವೂ ಮುಂದೆ ಹೋಗುವುದಿಲ್ಲ ಅಕ್ಕಾ. ತಲೆದೆಸೆಯಲ್ಲಿ ಚಿಪ್ಪಿದೆ, ಅಗಿಯಲಾರದ ಬಾಯಿದೆ, ಆದ್ದರಿಂದ ತಿಂದಳು. ಉಪನ್ಯಾಸ ಖಾತ್ರಿಯಾಗಿದೆ. ಅದಕ್ಕೆ ನಾನಿಟ್ಟಿರುವ ಹೆಸರು ‘ಹಲ್ಲಿಲ್ಲದವಳ ಊಟ’. ನಿನ್ನ ಪೊಟ್ಟಣಗಳು ಈಗ ಹತ್ತೊಂಬತ್ತು, ಉಪನ್ಯಾಸದಲ್ಲಿ ಅವಕ್ಕೂ ಒಂದು ಪಟ್ಟ ಕೊಡುತ್ತೇನೆ. ಇನ್ನೊಂದು ಹತ್ತು ಬಂದರೆ ಡ್ರಾಯರು ತುಂಬುತ್ತದೆ.

ಬರುವ ವಿಷಯ ಮೇ ಮೊದಲ ವಾರ ನೋಡೋಣ.

ತಮ್ಮ

---

ಏಪ್ರಿಲ್ 22

ಬೆಕ್ಕೇ,

ಚುಕ್ಕೆಕೋಳಿ ಕಾವು ಕೂತಿತ್ತು. ಮೂರು ವಾರ ಯಾರನ್ನೂ ಹತ್ರ ಸೇರಿಸಲಿಲ್ಲ, ಕಾಳು ಹಾಕೋಕೆ ಹೋದರೆ ನನ್ನನ್ನೇ ಕುಕ್ಕಿತು. ಹೋದ ಶುಕ್ರವಾರ ಮರಿ ಆಚೆ ಬಂದವು. ಹನ್ನೊಂದಕ್ಕೆ ಹನ್ನೊಂದೂ ಬದುಕಿವೆ. ಹುಂಜ ಗೋಡೆ ಮೇಲಿಂದ ನೋಡಿ ಹೋಯ್ತು, ಇಳೀಲಿಲ್ಲ. ಗಂಡಸರ ಬುದ್ಧಿ.

ಹೊಸ ಹೊಲಿಗೆ ಒಪ್ಪಿಕೊಳ್ತಾ ಇಲ್ಲ. ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮರಿ ನೋಡ್ತಾ ಕೂತಿರ್ತೀನಿ. ಟೀಚರು ಬೆಳಿಗ್ಗೆ ಹಾಲು ತರ್ತಾರೆ.

ನಾಲ್ಕು ಪೊಟ್ಟಣ ಇದೆ. ನಾಲ್ಕೂ ಮೆತ್ತಗೆ ಬೇಯಿಸಿದ್ದು ಅಂತ ಬರೆದಿದ್ದೀನಿ. ಚೆನ್ನಾಗಿ ನೋಡು.

ತಿಂಗಳ ಕೊನೆ ಹತ್ರ ಬಂತು. ಯಾವ ದಿನ ಬರ್ತೀಯ ಅಂತ ಒಂದು ಸಾಲು ಬರಿ. ಮರಿಗಳು ಹೀಗೆ ಹಳದಿಯಾಗಿ ಬಹಳ ದಿನ ಇರಲ್ಲ.

ಅಕ್ಕ

---

ಮೇ 2

ಪ್ರೀತಿಯ ಅಕ್ಕ,

ಹನ್ನೊಂದು ಮರಿಗಳ ಅಜ್ಜಿಗೆ ಅಭಿನಂದನೆ! ಒಂದು ಸೇರಿಸಿದ್ದರೆ ಡಜನ್ ಆಗುತ್ತಿತ್ತು, ಚುಕ್ಕೆಕೋಳಿಗೂ ನನ್ನ ಹಾಗೆ ಗಣಿತ ಬರುವುದಿಲ್ಲ.

ಒಂದು ಬೇಜಾರಿನ ವಿಷಯ. ಇಲ್ಲಿನ ಕೆಲಸವನ್ನು ಜೂನ್ ಮೊದಲ ವಾರದ ತನಕ ಮುಂದುವರಿಸಿದ್ದಾರೆ. ಇನ್ನೊಂದು ಗುಂಡಿ ಬಾಕಿಯಿದೆ, ನನ್ನನ್ನು ಬಿಡುವ ಹಾಗಿಲ್ಲ ಅಂತ ದೊಡ್ಡವರು ಕೂತಿದ್ದಾರೆ. ಜೂನ್ ಎರಡನೇ ವಾರ ಖಂಡಿತ ಬರುತ್ತೇನೆ. ಅಷ್ಟರಲ್ಲಿ ಮರಿಗಳು ಹಳದಿ ಬಿಟ್ಟು ಯಾವ ಬಣ್ಣಕ್ಕೆ ಸೇರುತ್ತವೋ ನಾನೂ ನೋಡುತ್ತೇನೆ.

ನಾಲ್ಕು ಪೊಟ್ಟಣ ತಲುಪಿದವು, ಡ್ರಾಯರಿಗೆ ಸೇರಿದವು. ಮೆತ್ತಗೆ ಬೇಯಿಸಿದ್ದು ತಿನ್ನಲು ಶುರು ಮಾಡಿದ್ದೀಯ, ನಮ್ಮ ಅಜ್ಜಿಗೆ ಪೈಪೋಟಿಯೇ? ಹಲ್ಲು ಇದೆಯೋ ಇಲ್ಲವೋ ಎಣಿಸಿ ಬರೆ.

ತಮ್ಮ

---

ಮೇ 9

ಬೆಕ್ಕೇ,

ಏಳು ಪೊಟ್ಟಣ. ಇದೇ ಕೊನೇದು, ಇನ್ನು ಚಿಪ್ಪಿಲ್ಲ.

ಹಲ್ಲೆಲ್ಲ ಗಟ್ಟಿ ಇದೆ.

ಕೆಲಸ ಇದ್ದರೆ ಮಾಡು. ಬಹಳ ಹೊತ್ತು ಕೂತು ಬರೆಯೋಕಾಗಲ್ಲ, ಇಷ್ಟು ಸಾಕು.

ಅಕ್ಕ

---

ಜೂನ್ 7

ಅಕ್ಕಾ, ಅಕ್ಕಾ, ಅಕ್ಕಾ,

ಮುಗಿಯಿತು! ನಿನ್ನೆ ಉಪನ್ಯಾಸ. ಸಭಾಂಗಣ ತುಂಬಿತ್ತು, ಹಿಂದೆ ಗೋಡೆಗೆ ಒರಗಿ ನಿಂತವರೂ ಇದ್ದರು. ನೀನು ನನ್ನ ಮೊದಲ ಕೆಲಸಕ್ಕೆ ಹೊಲಿದುಕೊಟ್ಟ ಕೋಟನ್ನೇ ತೊಟ್ಟಿದ್ದೆ; ಗುಂಡಿ ಹಾಕಲು ಆಗಲಿಲ್ಲ, ತೆರೆದ ಮನಸ್ಸಿನವನ ಹಾಗೆ ತೆರೆದೇ ಬಿಟ್ಟೆ. ‘ಹಲ್ಲಿಲ್ಲದವಳ ಊಟ’ ಕೇಳಿ ಎದುರು ಸಾಲಿನ ಒಬ್ಬರು ಕಣ್ಣು ಮೂಗು ಒರೆಸಿಕೊಂಡರು. ಆಮೇಲೆ ಪರದೆಯ ಮೇಲೆ ನಿನ್ನ ಪೊಟ್ಟಣಗಳ ಫೋಟೋ ತೋರಿಸಿ, “ಇದು ನಮ್ಮಕ್ಕನ ಅಡುಗೆಮನೆ. ಮೂವತ್ತು ಮೊಟ್ಟೆ, ಮೂವತ್ತೂ ತಿಂದದ್ದು. ತಿಂದ ಮೊಟ್ಟೆ ಎಂದರೆ ಹೇಗಿರಬೇಕು ಎಂಬುದಕ್ಕೆ ಇದೇ ನನ್ನ ಅಳತೆಗೋಲು” ಅಂದೆ. ಇಡೀ ಸಭೆ ನಕ್ಕು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ಅರ್ಧ ನಿನ್ನದು, ಬಂದು ಕೊಡುತ್ತೇನೆ.

ಹದಿನೈದಕ್ಕೆ ಹೊರಡುತ್ತೇನೆ. ಒಂದು ತಿಂಗಳಾಯಿತು ನಿನ್ನ ಪತ್ರ ಬಂದು. ಮರಿಗಳು ನಿನ್ನನ್ನು ಮರುಳು ಮಾಡಿರಬೇಕು.

ನಿನ್ನ ತಮ್ಮ

---

ಮೇ 28

ನನ್ನ ಬೆಕ್ಕೇ,

ಇದನ್ನ ಅಂಚೆಗೆ ಹಾಕಲ್ಲ. ಟೀಚರ ಕೈಲಿ ಕೊಟ್ಟಿರ್ತೀನಿ, ನೀನು ಬಂದಾಗ ಕೊಡ್ತಾರೆ. ಮೂರು ದಿನ ಕೂತು ಸ್ವಲ್ಪ ಸ್ವಲ್ಪ ಬರೆದಿದ್ದು, ಅಕ್ಷರ ನೋಡಿ ನಗಬೇಡ.

ಗಂಟಲಲ್ಲಿ ಗಂಟು. ಫೆಬ್ರವರಿಯಲ್ಲಿ ಆಸ್ಪತ್ರೆಯವರು ಒಳಗೆ ದೀಪ ಬಿಟ್ಟು ನೋಡಿ ಹೇಳಿದರು. ಜೀವಮಾನ ಎಲ್ಲ ಗಂಟು ಹಾಕಿದವಳು ನಾನು, ಈ ಗಂಟು ಯಾರು ಹಾಕಿದರೋ, ಬಿಚ್ಚೋಕೆ ಬರಲ್ವಂತೆ. ಮೊದಲು ಸ್ವರ ಹೋಯ್ತು. ಕಿವಿ ನೆಪ ಮೊದಲಿಂದ ಇತ್ತು, ಫೋನಿಗೆ ಅದೇ ಸಾಕಾಯ್ತು. ಮಾರ್ಚಿ ಮೊದಲ ವಾರದ ಮೇಲೆ ಮೊಟ್ಟೆ ಇಳೀಲಿಲ್ಲ. ಹದಿನಾಲ್ಕು ಪೊಟ್ಟಣ ಕಳಿಸಿದ್ದೆನಲ್ಲ, ಅಲ್ಲಿಗೆ ನಾನು ತಿಂದದ್ದು ಮುಗೀತು. ಈಗ ಹಾಲು, ಅದೂ ಚಮಚದಲ್ಲಿ.

ನಿನಗೆ ಹೇಗೆ ಹೇಳೋದು ಅಂತ ಬಹಳ ಯೋಚನೆ ಮಾಡಿದೆ. ಬಾ ಅಂತ ಬರೆದರೆ ಕೆಲಸ ಹಾಳು ಮಾಡಿಕೊಂಡು ಓಡಿ ಬರ್ತೀಯ. ಬರೆಯದೇ ಇರೋಕೂ ಮನಸ್ಸು ಒಪ್ಪಲಿಲ್ಲ. ಆಗ ನಿನ್ನ ಮೊದಲನೇ ಕಾಗದ ಇನ್ನೊಂದು ಸಲ ಓದಿದೆ. ಚೂರು ನೋಡಿದರೆ ಸಾಕು, ತಿಂದದ್ದೋ ಮರಿಯಾದದ್ದೋ ಹೇಳ್ತೀನಿ ಅಂದಿದ್ದೆ. ಸರಿ, ನಿನ್ನ ಭಾಷೆಯಲ್ಲೇ ಹೇಳಿಬಿಡೋಣ ಅನ್ನಿಸ್ತು. ತಿನ್ನೋರಿಲ್ಲದೆ ಮೊಟ್ಟೆ ಒಡೆಯೋಕೆ ಕೈ ಬರಲಿಲ್ಲ, ಹನ್ನೊಂದನ್ನೂ ಕೋಳಿ ಕೆಳಗೆ ಇಟ್ಟಿದ್ದೆ. ಮರಿ ಆಚೆ ಬಂದ ಮೇಲೆ ಆ ಚಿಪ್ಪನ್ನೇ ತೊಳೆದು ‘ಬೇಯಿಸಿದ್ದು’ ಅಂತ ಬರೆದು ಕಳಿಸಿದೆ. ನೋಡಿದ ತಕ್ಷಣ ಸುಳ್ಳು ಅಂತ ಹಿಡೀತೀಯ, ಅಕ್ಕ ತಿಂತಾ ಇಲ್ಲ ಅಂತ ಗೊತ್ತಾಗುತ್ತೆ, ಆಮೇಲೆ ಬರೋದು ಬಿಡೋದು ನಿನ್ನ ಕೈಲಿರುತ್ತೆ ಅಂತ.

ಈಗ ನನ್ನ ಕಳ್ಳತನವೂ ಒಂದು ಕೇಳು. ನೀನು ಚಿಕ್ಕವನಿದ್ದಾಗ ನಮ್ಮಿಬ್ಬರ ತಟ್ಟೆ ಪಕ್ಕದಲ್ಲೂ ದಿನಾ ಚಿಪ್ಪು ಇರ್ತಿತ್ತಲ್ಲ? ಅಕ್ಕಾ ನೀನು ತಿಂದೆಯಾ ಅಂತ ಕೇಳ್ತಿದ್ದೆ, ಚಿಪ್ಪು ನೋಡಿ ಸುಮ್ಮನಾಗ್ತಿದ್ದೆ. ಅದು ಒಂದೇ ಮೊಟ್ಟೆ ಕಣೋ. ಎರಡು ಹೋಳು. ಒಂದು ಹೋಳು ನಿನ್ನ ಕಡೆ, ಒಂದು ಹೋಳು ನನ್ನ ಕಡೆ. ಒಳಗಿದ್ದದ್ದು ಪೂರ್ತಿ ನಿನ್ನ ತಟ್ಟೆಗೆ. ಎರಡನ್ನೂ ಸೇರಿಸಿ ನೋಡಬೇಕು ಅಂತ ನಿನಗೆ ಒಂದು ದಿನವೂ ಹೊಳೀಲಿಲ್ಲ. ಆಗ ಮಗು, ನಂಬಿದೆ. ಈಗ ದೊಡ್ಡ ಪರೀಕ್ಷಕ, ನಿನ್ನ ಹತ್ರ ಆ ಆಟ ನಡೆಯಲ್ಲ ಅಂತ ಗೊತ್ತು ನನಗೆ.

ನಾಲ್ಕು ಪೊಟ್ಟಣ ನೋಡಿದ ಮೇಲೂ ನೀನು ಏನೂ ಕೇಳಲಿಲ್ಲ. ಹಲ್ಲು ಎಣಿಸು ಅಂತ ತಮಾಷೆ ಬರೆದೆ. ಮೊದಲು ನನಗೆ ಸಿಟ್ಟು ಬಂತು. ಎರಡು ದಿನ ಆದ ಮೇಲೆ ಅರ್ಥ ಆಯ್ತು. ನಿನಗೆ ಗೊತ್ತಾಗಿದೆ. ಕೆಲಸ ಬಿಟ್ಟು ಬರೋ ಹಾಗಿಲ್ಲ, ನನಗೆ ಅಳು ಬರಬಾರದು ಅಂತ ಗೊತ್ತಿಲ್ಲದವನ ಹಾಗೆ ನಗಿಸ್ತಾ ಇದ್ದೀಯ. ಎಷ್ಟು ಕಷ್ಟಪಟ್ಟು ಬರೆದಿರ್ತೀಯ ಆ ತಮಾಷೇನ. ಆಮೇಲೆ ಆ ಕಾಗದ ದಿನಾ ಓದಿದೆ. ಉಳಿದ ಏಳನ್ನೂ ಕಳಿಸಿದ್ದು ನಿನ್ನ ಕೇಳೋಕಲ್ಲ, ಡ್ರಾಯರು ತುಂಬಲಿ ಅಂತ.

ಬರೋದು ತಡ ಆದರೆ ಕೊರಗಬೇಡ. ಗೊತ್ತಿದ್ದೂ ಜತೆಗಿದ್ದೆ, ಅಷ್ಟು ಸಾಕು.

ಹೊತ್ತಿಗೆ ಸರಿಯಾಗಿ ತಿನ್ನು.

ಅಕ್ಕ

---

ಜುಲೈ 3

ಅಕ್ಕಾ,

ಈ ಪತ್ರವನ್ನು ಯಾವ ವ್ಯಾನೂ ಒಯ್ಯುವುದಿಲ್ಲ. ಆದರೂ ತಾರೀಖು ಹಾಕಿದ್ದೇನೆ, ಪೊಟ್ಟಣದ ಮೇಲೆ ಹಾಕಿಸಿದ ಅಭ್ಯಾಸ.

ಜೂನ್ ಹತ್ತರಂದು ಟೀಚರು ಕಚೇರಿಗೆ ಫೋನು ಮಾಡಿದರು. ನಾನು ತಲುಪುವ ಹೊತ್ತಿಗೆ ಒಂದೂವರೆ ದಿನ ತಡ. ಎಲ್ಲ ಮುಗಿದಿತ್ತು. ನನ್ನ ಜೂನ್ ಏಳರ ಪತ್ರ ಒಡೆಯದೇ ನಿನ್ನ ಹೊಲಿಗೆ ಮಿಷನ್ನಿನ ಮೇಲಿತ್ತು. ಟೀಚರು ಬಾಗಿಲಲ್ಲೇ ನಿನ್ನ ಪತ್ರ ಕೈಗಿಟ್ಟು, “ಊಟ ಮಾಡಿ ಓದು ಅಂತ ಹೇಳಿ ಅಂದಿದ್ದಳು” ಅಂದರು. ನಾನು ಊಟ ಮಾಡದೆ ಓದಿದೆ. ಈ ಮಾತನ್ನೂ ಮೀರಿದೆ.

ಬೀರುವಿನಲ್ಲಿ ನಿನ್ನ ಕೋಟು ನೇತಾಡುತ್ತಿತ್ತು. ಚಿಪ್ಪಿನ ಒಳಮೈ ನೋಡುವ ಚಟವೋ ಏನೋ, ಒಳಗೆ ಕೈ ಹಾಕಿದೆ. ಅಸ್ತರಿರಲಿಲ್ಲ. ಹೊಲಿಗೆಯ ಅಂಚಿನಲ್ಲಿ ಕಂದು ಬಟ್ಟೆಯ ಎಳೆಗಳು ಉಳಿದಿದ್ದವು. ನನ್ನ ಕೋಟಿನ ಅಸ್ತರು ಕಂದು ಬಣ್ಣದ್ದು. ಹದಿನೇಳು ವರ್ಷ ಅದನ್ನು ತೊಟ್ಟಿದ್ದೇನೆ, ಬಟ್ಟೆ ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ.

ಕೆಲಸ ಏಪ್ರಿಲ್ ಮೂವತ್ತಕ್ಕೇ ಮುಗಿದಿತ್ತು ಅಕ್ಕಾ. ಮುಂದುವರಿಸಿದ್ದಾರೆ ಎಂದದ್ದು ಸುಳ್ಳು, ಇನ್ನೊಂದು ಗುಂಡಿ ಇರಲಿಲ್ಲ. ಉಪನ್ಯಾಸ ಚೆನ್ನಾಗಿ ಆಗಲಿ, ಎದುರು ಸಾಲಿನವರ ಮುಂದೆ ಮಿಂಚಬೇಕು ಅಂತ ಐದು ವಾರ ಇಲ್ಲಿ ಕೂತು ಫೋಟೋಗಳನ್ನು ಜೋಡಿಸುತ್ತಿದ್ದೆ. ಸಂಜೆ ಹೊತ್ತು ಗುಡ್ಡದ ಕಡೆ ತಿರುಗಾಡಲೂ ಹೋಗುತ್ತಿದ್ದೆ. ನೀನು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಐದು ವಾರ ಅವು.

ಮರಿಗಳು ಹಳದಿ ಬಿಟ್ಟಿವೆ. ಐದು ಕರಿ, ಆರು ಚುಕ್ಕೆ. ಟೀಚರು ಕಾಳು ಹಾಕುತ್ತಿದ್ದಾರೆ. ಹುಂಜ ಈಗ ಗೋಡೆ ಇಳಿದು ಬರುತ್ತದೆ.

ವಾಪಸು ಬಂದು ಮೊದಲು ಮಾಡಿದ ಕೆಲಸ ಆ ಹನ್ನೊಂದು ಪೊಟ್ಟಣಗಳ ದಾರ ಬಿಚ್ಚಿದ್ದು. ಒಂದೊಂದರ ಚೂರನ್ನೂ ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಮೊಗ್ಗುಗಳ ತಲೆಯೆಲ್ಲ ಕರಗಿ ಗುಳಿ ಬಿದ್ದಿದೆ. ಹನ್ನೊಂದರಲ್ಲೂ. ಮೊದಲ ವಾರ ಕೆಲಸಕ್ಕೆ ಸೇರಿದವರೂ ಗುರುತು ಹಿಡಿಯುವಷ್ಟು ಸ್ಪಷ್ಟ. ಸೂಕ್ಷ್ಮದರ್ಶಕವೂ ಬೇಕಿರಲಿಲ್ಲ. ಒಂದೇ ಒಂದು ಕೋಳಿ ಇಡುತ್ತಿತ್ತು, ಅದು ಕಾವು ಕೂತಿತ್ತು, ಕಾವು ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಹಾಗಾದರೆ ನೀನು ಬೇಯಿಸಿದ್ದು ಯಾವ ಮೊಟ್ಟೆ? ಎಲ್ಲ ನಿನ್ನ ಪತ್ರದಲ್ಲೇ ಇತ್ತು. ಅಭಿನಂದನೆ ಹೇಳಿ, ಡಜನ್ ಆಗಲಿಲ್ಲ ಅಂತ ತಮಾಷೆ ಮಾಡಿ, ಹಾಳೆ ತಿರುಗಿಸಿದೆ.

ವರದಿಯಲ್ಲಿ ‘ತಿಂದಳು’ ಎಂದಿದ್ದ ಕಡೆಯೆಲ್ಲ ‘ಮೊಟ್ಟೆ ಒಡೆಯಲಾಗಿತ್ತು, ಯಾರು ತಿಂದರೋ ತಿಳಿಯದು’ ಎಂದು ತಿದ್ದಿದ್ದೇನೆ. ದೊಡ್ಡವರು ಯಾಕಪ್ಪ ಅಂದರು. ದರ್ಜಿಯೊಬ್ಬಳು ಮಾರ್ಚಿಯಲ್ಲೇ ಹೇಳಿದ್ದಳು ಅಂದೆ. ಮೂಳೆ ಮೇಡಂ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು ಹೋದರು.

ಇಷ್ಟು ಬರೆದು ಇಲ್ಲಿಗೆ ನಿಲ್ಲಿಸಬಹುದಿತ್ತು. ನೀನು ನನ್ನ ಬಗ್ಗೆ ನಂಬಿಕೊಂಡು ಹೋದದ್ದು ಒಳ್ಳೆಯದೇ ಆಗಿತ್ತು: ಗೊತ್ತಿದ್ದೂ, ಅಳು ನುಂಗಿಕೊಂಡು, ನಿನ್ನನ್ನು ನಗಿಸುತ್ತಿದ್ದ ತಮ್ಮ. ಅವನನ್ನು ನಾನೂ ಭೇಟಿಯಾಗಬೇಕು ಅನ್ನಿಸುತ್ತದೆ. ಆದರೆ ಬೆಕ್ಕಿನ ಮೇಲೆ ಹಾಕಿದ್ದನ್ನು ಒಪ್ಪಿಕೊಳ್ಳಲು ಮೂವತ್ತೆರಡು ವರ್ಷ ತಗೊಂಡೆ, ಇದಕ್ಕೆ ಅಷ್ಟು ತಗೊಳ್ಳುವುದು ಬೇಡ.

ಆ ತಮಾಷೆ ಬರೆಯಲು ನನಗೆ ಒಂದಿಷ್ಟೂ ಕಷ್ಟವಾಗಲಿಲ್ಲ ಅಕ್ಕಾ. ನನಗೆ ಏನೂ ಗೊತ್ತಿರಲಿಲ್ಲ. ನನ್ನ ಕಣ್ಣು ತಪ್ಪಿಸಿ ಯಾರೂ ಉಪವಾಸ ಇರುವ ಹಾಗಿಲ್ಲ ಎಂದವನು, ನಿನ್ನ ಮೂವತ್ತು ಪೊಟ್ಟಣಗಳಲ್ಲಿ ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಅಕ್ಕ ಕಳಿಸಿದ್ದು, ಅದರಲ್ಲಿ ನೋಡುವುದೇನಿದೆ ಎಂದುಕೊಂಡೆ. ಬಂದ ಬಂದ ಹಾಗೆ ಒಂದೊಂದರ ಮೇಲೂ, ನಿನ್ನ ಗಂಟಿನ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ ನನ್ನ ಕೈಯಾರೆ ಬರೆದು ಡ್ರಾಯರಿಗೆ ಹಾಕಿದ್ದೆ:

‘ತಿಂದದ್ದು. ಪರೀಕ್ಷೆ ಬೇಡ.’

ಬೆಕ್ಕು